ಬಾಸೆಲ್ ಮತ್ತು ಮಂಗಳೂರು: 1914ರಲ್ಲಿ ನಂಟು ಕಡಿದಾಗ

1914ರ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಆ ಹೊತ್ತಿಗೆ ಮಂಗಳೂರಿನ ಬಲ್ಮಠ, ಜೆಪ್ಪು, ಬೊಕ್ಕಪಟ್ಣದ ಎಷ್ಟೋ ಪ್ರೊಟೆಸ್ಟೆಂಟ್ ಕುಟುಂಬಗಳ ಬದುಕು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ ಎಂಬ ಒಂದೇ ಹೆಸರಿನ ಸುತ್ತ ಹೆಣೆದುಕೊಂಡಿತ್ತು. ಭಾನುವಾರದ ಆರಾಧನೆ ನಡೆಯುವ ದೇವಾಲಯ ಮಿಷನ್ನಿನದು, ಮಕ್ಕಳು ಹೋಗುವ ಶಾಲೆ ಮಿಷನ್ನಿನದು. ದುಡಿಯುವ ಹಂಚಿನ ಕಾರ್ಖಾನೆಯೋ ನೇಯ್ಗೆ ಕಾರ್ಖಾನೆಯೋ ಅದರದೇ. ಮನೆ ಕಟ್ಟಿಕೊಂಡ ಜಾಗವೂ ಹಲವರಿಗೆ ಮಿಷನ್ನಿನಿಂದ ಬಂದದ್ದು. ಎಂಬತ್ತು ವರ್ಷಗಳಲ್ಲಿ ಬೆಳೆದ ಈ ನಂಟನ್ನು ಮುಂದಿನ ಐದು ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರದ ಕೆಲವು ಆದೇಶಗಳು ತುಂಡರಿಸಿದವು.

ಇಂದು ಹೊರದೇಶದ ಸಭೆಗಳ (ಚರ್ಚುಗಳ) ಜೊತೆ ಸಹಭಾಗಿತ್ವ ಕಟ್ಟುವವರು ಸಾಮಾನ್ಯವಾಗಿ ಅದು ಹೇಗೆ ಆರಂಭವಾಗಬೇಕು ಎಂಬುದನ್ನೇ ಮಾತಾಡುತ್ತಾರೆ. ಅದು ಒಂದು ದಿನ ಹಠಾತ್ತನೆ ನಿಂತುಹೋದರೆ ಏನು ಉಳಿಯುತ್ತದೆ ಎಂದು ನೋಡಲು ನಮ್ಮ ಕರಾವಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ಯಾವುದು ಮುರಿಯಿತು, ಯಾವುದು ಮುರಿಯಲಿಲ್ಲ ಎಂಬುದನ್ನು ಬೇರೆಬೇರೆಯಾಗಿಯೇ ನೋಡಬಹುದು.

ಅರ್ಧ ಬಾಟ್ಸನ್ನಿನ ನಂಟು

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಗಡಿಪಟ್ಟಣ ಬಾಸೆಲ್‌ನಲ್ಲಿ. ಕಚೇರಿ ಸ್ವಿಸ್ ನೆಲದಲ್ಲಿದ್ದರೂ ಅದರ ಬೇರು ಹರಡಿದ್ದು ಗಡಿಯಾಚೆಯ ಜರ್ಮನಿಯಲ್ಲಿ, ಅದರಲ್ಲೂ ವ್ಯೂರ್ಟೆಂಬೆರ್ಗ್ ಪ್ರಾಂತ್ಯದ ಹಳ್ಳಿಗಳ ಭಕ್ತಿಪರ ಸಭೆಗಳಲ್ಲಿ. ಇಲ್ಲಿಗೆ ಬಂದ ಮಿಷನರಿಗಳಲ್ಲಿ ಬಹುಪಾಲು ಮಂದಿ ಅಲ್ಲಿಯ ಕುಶಲಕರ್ಮಿಗಳ, ರೈತರ, ಶಾಲಾ ಮಾಸ್ತರರ ಮಕ್ಕಳು. ಮುಂದಿನ ಕಥೆಗೆ ಈ ವಿವರ ಮುಖ್ಯ. ಸಂಸ್ಥೆ ತಟಸ್ಥ ದೇಶದ್ದು, ಅದರ ಆಳುಗಳು ಜರ್ಮನ್ ಪ್ರಜೆಗಳು.

1833ರ ಚಾರ್ಟರ್ ಕಾಯಿದೆಯ ನಂತರ ಬ್ರಿಟಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆ ತೆರೆಯಿತು. ಮರುವರ್ಷವೇ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಅಕ್ಟೋಬರ್ ಕೊನೆಗೆ ಮಂಗಳೂರು ಮುಟ್ಟಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಠಾಣೆಗಳು ಗಟ್ಟದ ಮೇಲೂ ಹಬ್ಬಿದವು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಬಾಸೆಲ್‌ನ ಶ್ರೀಮಂತ ರೇಷ್ಮೆ ಪಟ್ಟಿ ವ್ಯಾಪಾರಿಗಳು ಕಮಿಟಿಯಲ್ಲಿದ್ದರು, ಕೊಟ್ಟರು. ಆದರೆ ನಿಜವಾದ ಆಧಾರ ಸಣ್ಣ ಕೈಗಳದು. 1850ರ ದಶಕದಲ್ಲಿ ಕಾರ್ಲ್ ಸಾರಾಸಿನ್ ಎಂಬ ಉದ್ಯಮಿಯ ಸಲಹೆಯಂತೆ ವಾರಕ್ಕೆ ಅರ್ಧ ಬಾಟ್ಸನ್ ಎತ್ತುವ ಪದ್ಧತಿ ಬಂತು. ಬಾಟ್ಸನ್ ಅಂದರೆ ಆ ಕಡೆಯ ಹಳೆಯ ಚಿಲ್ಲರೆ ನಾಣ್ಯ. ಸಂಗ್ರಾಹಕರು ಮನೆಮನೆಗೆ ಹೋಗಿ ಎತ್ತುತ್ತಿದ್ದರು. ಮನೆಗೆಲಸದ ಹೆಂಗಸರೂ ಕೂಲಿಗಳೂ ಕೊಡಬಹುದಾದಷ್ಟು ಚಿಕ್ಕ ಮೊತ್ತ. ಬದಲಿಗೆ ಅವರಿಗೆ ಮಿಷನ್ ಪತ್ರಿಕೆಗಳ ಮೂಲಕ ಸುದ್ದಿ ಸಿಗುತ್ತಿತ್ತು. ಮಂಗಳೂರು, ಹುಬ್ಬಳ್ಳಿ, ಮಡಿಕೇರಿಯ ಹೆಸರುಗಳು ವ್ಯೂರ್ಟೆಂಬೆರ್ಗಿನ ಹಳ್ಳಿಮನೆಗಳಲ್ಲಿ ಕೇಳಿಬರಲು ಇದೇ ಕಾರಣ. ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಂದೆ ಯೋಹಾನೆಸ್ ಮಂಗಳೂರಿನಲ್ಲಿ ಕೆಲಸ ಮಾಡಿದವರು, ತಾಯಿ ಮರೀ ಗುಂಡರ್ಟ್ ಹುಟ್ಟಿದ್ದು ತಲಶ್ಶೇರಿಯಲ್ಲಿ ಎಂಬುದೂ ಈ ಜಾಲದ್ದೇ ಒಂದು ಎಳೆ.

ಆದರೆ ಸುದ್ದಿ ಹರಿದದ್ದು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ. ಮಿಷನರಿ ಬರೆದ ವರದಿ ಬಾಸೆಲ್ ತಲುಪುತ್ತಿತ್ತು, ಅಲ್ಲಿ ತಿದ್ದಿಸಿಕೊಂಡು ಅಚ್ಚಾಗುತ್ತಿತ್ತು. ಯಾವ ಠಾಣೆಗೆ ಯಾರು ಹೋಗಬೇಕು, ಯಾರು ಯಾವಾಗ ಮದುವೆಯಾಗಬಹುದು ಎಂಬುದನ್ನು ಕೂಡ ಅಲ್ಲಿಯ ಕಮಿಟಿಯೇ ತೀರ್ಮಾನಿಸುತ್ತಿತ್ತು. 1850ರಿಂದ 1879ರವರೆಗೆ ಇನ್‌ಸ್ಪೆಕ್ಟರ್, ಅಂದರೆ ಮಿಷನ್ನಿನ ಮುಖ್ಯಸ್ಥ, ಆಗಿದ್ದ ಯೋಸೆನ್‌ಹನ್ಸ್ 1851-52ರಲ್ಲಿ ತಾವೇ ಭಾರತಕ್ಕೆ ಬಂದು ಠಾಣೆಗಳನ್ನು ಕಂಡರು. ಸಭೆಗಳಿಗೆ ಕಾಯಿದೆ ಬರೆಸಿದ್ದೂ ಅವರ ಕಾಲದಲ್ಲೇ. ಹಿರಿಯರ ಮಂಡಳಿ, ಶಿಸ್ತು, ಕಾಣಿಕೆ, ಶಾಲೆ ಎಲ್ಲಕ್ಕೂ ನಿಯಮ. ಬಿಗಿ ಅತಿಯಾಯಿತು ಎನ್ನುವವರು ಆಗಲೂ ಇದ್ದರು. ಆದರೆ ಸ್ಥಳೀಯ ಹಿರಿಯರು ಕೂತು ಸಭೆಯ ವ್ಯವಹಾರ ನೋಡುವ ರೂಢಿ ಬಿದ್ದದ್ದೂ ಅದೇ ಕಾಯಿದೆಯಿಂದ.

ಈ ಕಡೆಯಿಂದ ಆ ಕಡೆಗೆ ಹೋದವರು ಇರಲಿಲ್ಲವೇ? ಇದ್ದರು, ಬಹಳ ಅಪರೂಪಕ್ಕೆ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಆದರು. ಊರಲ್ಲಿ ಅದು ದೊಡ್ಡ ಗಲಭೆಗೇ ಕಾರಣವಾಯಿತು. 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಅಲ್ಲೇ ಗುರುದೀಕ್ಷೆ ಪಡೆದು ಮರಳಿದರು. ಮಿಷನರಿಯ ಪೂರ್ಣ ಸ್ಥಾನದಲ್ಲೇ ಸಭಾಪಾಲಕರನ್ನು ತಯಾರುಮಾಡುವ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು, ಜರ್ಮನ್ ಮಹಿಳೆಯನ್ನು ಮದುವೆಯಾದರು. ಆ ದಾರಿ ಅವರೊಬ್ಬರಿಗೆ ತೆರೆದಷ್ಟು ಅಗಲವಾಗಿ ಬೇರೆಯವರಿಗೆ ತೆರೆಯಲಿಲ್ಲ. ನನ್ನ ಲೆಕ್ಕದಲ್ಲಿ ಈ ಸಂಬಂಧ ಕೈತಪ್ಪಿಸಿಕೊಂಡ ದೊಡ್ಡ ಅವಕಾಶ ಅದು. ಒಬ್ಬ ಕೌಂಡಿನ್ಯರ ಬದಲು ಇಪ್ಪತ್ತು ಜನ ಹೋಗಿ ಬಂದಿದ್ದರೆ 1914ರಲ್ಲಿ ಮೇಜಿನ ಸುತ್ತ ಕೂರುವವರ ಮುಖಗಳೇ ಬೇರೆ ಇರುತ್ತಿದ್ದವು.

ಕಾರ್ಖಾನೆ ಏಕೆ ಬಂತು

ಮಿಷನ್ನಿನ ಮೂಲ ಯೋಜನೆಯಲ್ಲಿ ಹಂಚೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಜನ ಸಭೆಗೆ ಸೇರುತ್ತಿದ್ದಂತೆ ಹೊಟ್ಟೆಪಾಡಿನ ಪ್ರಶ್ನೆ ಎದುರಾಯಿತು. ದೀಕ್ಷೆ ತೆಗೆದುಕೊಂಡವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಗೇಣಿಗೆ ಹಿಡಿದ ಗದ್ದೆ ಕೈಬಿಡುತ್ತಿತ್ತು. ಕರಾವಳಿಯಲ್ಲಿ ಸಭೆಗೆ ಬಂದವರಲ್ಲಿ ಬಿಲ್ಲವರು ಹೆಚ್ಚು. ಕಳ್ಳು ಇಳಿಸುವ ಕೆಲಸ ಕ್ರೈಸ್ತನಿಗೆ ಸಲ್ಲದು ಎಂದು ಮಿಷನ್ ಹೇಳಿತು. ಕೆಲಸ ಬಿಡಿಸಿದವರೇ ಬೇರೆ ಕೆಲಸ ತೋರಿಸಬೇಕಲ್ಲ.

ಮೊದಮೊದಲು ಬೇಸಾಯದ ನೆಲೆ, ಗಡಿಯಾರ ರಿಪೇರಿ, ಮರಗೆಲಸ ಎಂದು ಏನೇನೋ ಪ್ರಯತ್ನಿಸಿದರು, ಹೆಚ್ಚಿನವು ಕೈಹಿಡಿಯಲಿಲ್ಲ. 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲವರು ಬಂದ ಮೇಲೆ ಮಗ್ಗ ನಿಂತಿತು. ಖಾಕಿ ಬಣ್ಣ ಮಂಗಳೂರಿನಲ್ಲಿ ಅವರ ಕೈಯಲ್ಲೇ ಹುಟ್ಟಿತು ಎಂದು ಊರಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೇಡಿಮಣ್ಣನ್ನು ನೋಡಿ ಜೆಪ್ಪುವಿನಲ್ಲಿ ಹಂಚು ಸುಡಿಸಿದರು. ಅಲ್ಲಿಂದ ಮುಂದಿನದು ಕರಾವಳಿಯ ಮನೆಮಾಡುಗಳ ಮೇಲೆಯೇ ಬರೆದಿದೆ. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡಿನಲ್ಲೂ ಕಾರ್ಖಾನೆಗಳು ಎದ್ದವು. ಹಂಚು ಹಡಗು ಹತ್ತಿ ದೂರದ ಬಂದರುಗಳಿಗೂ ಹೋಯಿತು.

ಇದರ ಲೆಕ್ಕಾಚಾರ ನೋಡಿಕೊಳ್ಳಲು ಬಾಸೆಲ್‌ನಲ್ಲಿ 1859ರಲ್ಲಿ ಒಂದು ವ್ಯಾಪಾರಿ ಕಂಪನಿ ಹುಟ್ಟಿತು. ಷೇರುದಾರರಿಗೆ ಮಿತವಾದ ಲಾಭಾಂಶ, ಮಿಕ್ಕದ್ದು ಮಿಷನ್ನಿಗೆ ಎಂಬ ಏರ್ಪಾಟು. ಮುಂದೆ ಭಾರತದ ಕಾರ್ಖಾನೆಗಳೆಲ್ಲ ಇದರ ಅಡಿಯಲ್ಲೇ ಬಂದವು. ಆಗಿನ ಮಾಲೀಕರ ಜೊತೆ ಹೋಲಿಸಿದರೆ ವ್ಯವಸ್ಥೆ ಒಳ್ಳೆಯದೇ. ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಕಾರ್ಮಿಕರಿಗೆ ಉಳಿತಾಯ ನಿಧಿ, ಕಾಯಿಲೆ ಬಿದ್ದಾಗ ನೆರವಿನ ನಿಧಿ ಇದ್ದವು. ಕ್ರೈಸ್ತರಲ್ಲದವರೂ ಅಲ್ಲಿ ದುಡಿದರು.

ತೊಡಕು ಇರುವುದು ಇಲ್ಲೇ. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಧಣಿ ಬಿಡಿಸಬಹುದಾದ ಗೇಣಿ)ಗಳ ದಕ್ಷಿಣ ಕನ್ನಡದಲ್ಲಿ ಧಣಿ ಯಾರು, ಒಕ್ಕಲು ಯಾರು ಎಂಬುದರ ಮೇಲೆಯೇ ಬದುಕಿನ ಎಲ್ಲ ಮಾತು ನಿಲ್ಲುತ್ತಿತ್ತು. ಹಳೆಯ ಧಣಿಯನ್ನು ಬಿಟ್ಟು ಬಂದವನಿಗೆ ಹೊಸ ಧಣಿ ಸಿಕ್ಕ ಹಾಗಾಯಿತು. ಈ ಧಣಿ ಪ್ರಸಂಗವನ್ನೂ (ಆರಾಧನೆಯ ಉಪದೇಶವನ್ನೂ) ಮಾಡುತ್ತಾನೆ, ಸಂಬಳವನ್ನೂ ಕೊಡುತ್ತಾನೆ. ಸಭೆಯ ಹಿರಿಯನೊಬ್ಬ ಮಿಷನರಿಯ ತೀರ್ಮಾನ ತಪ್ಪು ಎಂದು ಎದ್ದು ಹೇಳಬೇಕಾದರೆ ಅದೇ ಮಿಷನ್ನಿನ ಹಾಜರಿ ಪುಸ್ತಕದಲ್ಲಿ ತನ್ನ ಮಗನ ಹೆಸರಿರುವುದನ್ನು ಮರೆಯಬೇಕಿತ್ತು. ಯಾರ ಉದ್ದೇಶವನ್ನೂ ಅನುಮಾನಿಸಬೇಕಿಲ್ಲ. ಒಳ್ಳೆಯವರು ನಡೆಸಿದಾಗಲೂ ಈ ಇಕ್ಕಟ್ಟು ಇಕ್ಕಟ್ಟೇ.

ಮಣ್ಣು ಜೆಪ್ಪುವಿನದು, ದುಡಿಮೆ ಜೆಪ್ಪುವಿನದು, ಹಂಚಿನ ಮೇಲಿನ ಅಚ್ಚು ಮಾತ್ರ ಬಾಸೆಲ್ ಮಿಷನ್ನಿನದು. ಆಸ್ತಿಯ ಕಾಗದವೂ ಹಾಗೆಯೇ.

ಯುದ್ಧ ಬಂದಾಗ

ಆರಂಭದಲ್ಲಿ ಜರ್ಮನ್ ಮಿಷನರಿಗಳನ್ನು ನಿಗಾದಲ್ಲಿಟ್ಟು ಕೆಲಸಕ್ಕೆ ಬಿಟ್ಟಿದ್ದರು. ಯುದ್ಧ ಉದ್ದವಾದಂತೆ ಮಾತು ಬದಲಾಯಿತು. ಸೇನೆಗೆ ಸೇರಬಲ್ಲ ವಯಸ್ಸಿನ ಗಂಡಸರನ್ನು ಅಹ್ಮದ್‌ನಗರದ ಶಿಬಿರಕ್ಕೆ ಸಾಗಿಸಿದರು. 1915 ಮತ್ತು 1916ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಕುಟುಂಬ ಸಮೇತ ಯುರೋಪಿಗೆ ಕಳಿಸಿದರು. ಉಳಿದವರು ಕೆಲವೇ ಸ್ವಿಸ್ ಪ್ರಜೆಗಳು. ಬಾಸೆಲ್ ತಟಸ್ಥ ದೇಶದಲ್ಲಿದೆ ಎಂಬ ವಾದ ಕಾರ್ಖಾನೆಗಳನ್ನೂ ಕಾಪಾಡಲಿಲ್ಲ. ಶತ್ರು ಜನರೊಂದಿಗೆ ಬೆಸೆದ ಉದ್ಯಮ ಎಂದು ಸರ್ಕಾರ ಅವನ್ನು ವಶಕ್ಕೆ ತೆಗೆದುಕೊಂಡಿತು.

ನಂತರದ ಏರ್ಪಾಟು ಹೇಗೆ ಆಯಿತು ಎಂಬುದು ಈ ಪ್ರಕರಣದ ಮುಖ್ಯ ಭಾಗ. ಯುದ್ಧ ಮುಗಿದ ಮೇಲೆ ಆದ 1919ರ ವರ್ಸಾಯ್ ಶಾಂತಿ ಒಪ್ಪಂದದ 438ನೆಯ ವಿಧಿ ಜರ್ಮನ್ ಮಿಷನ್‌ಗಳ ಆಸ್ತಿಯ ಬಗೆಗೇ ಇದೆ. ಆ ಆಸ್ತಿ, ಮಿಷನ್‌ಗಾಗಿ ಲಾಭ ತೆಗೆಯುತ್ತಿದ್ದ ವ್ಯಾಪಾರಿ ಸಂಸ್ಥೆಗಳ ಆಸ್ತಿಯೂ ಸೇರಿ, ಮಿಷನ್ ಕೆಲಸಕ್ಕೇ ಮೀಸಲಾಗಿರಬೇಕು. ಸರ್ಕಾರ ಒಪ್ಪಿದ, ಅದೇ ವಿಶ್ವಾಸದ ಧರ್ಮದರ್ಶಿಗಳ ಮಂಡಳಿಗಳಿಗೆ ಅದನ್ನು ಕೊಡಬೇಕು ಎಂದು ಅದರ ಸಾರ. ಸರ್ಕಾರಗಳು ಮಿಷನ್ ಆಸ್ತಿಯನ್ನು ಸುಮ್ಮನೆ ಜಪ್ತಿಮಾಡಿ ಖಜಾನೆಗೆ ಸೇರಿಸಿಕೊಳ್ಳದಂತೆ ನೋಡಿಕೊಂಡದ್ದರಲ್ಲಿ ಜೆ.ಎಚ್. ಓಲ್ಡಂ ಅವರಂಥ ಮಿಷನ್ ನಾಯಕರ ಪಾತ್ರ ದೊಡ್ಡದು. ಅದಕ್ಕೆ ಅವರನ್ನು ನೆನೆಯಲೇಬೇಕು.

ಅದೇ ವರ್ಷ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿ ಲಂಡನ್ನಿನಲ್ಲಿ ಹುಟ್ಟಿ ಹಂಚು, ನೇಯ್ಗೆಯ ಕಾರ್ಖಾನೆಗಳನ್ನು ವಹಿಸಿಕೊಂಡಿತು. ಮಿತ ಲಾಭಾಂಶ ಮೀರಿದ್ದು ಆಯಾ ನಾಡಿನ ಜನರ ಹಿತಕ್ಕೆ ಎಂಬ ಧ್ಯೇಯ ಅದಕ್ಕೂ ಇತ್ತು. ಕುಲುಮೆ ಆರಲಿಲ್ಲ, ಕೆಲಸ ನಡೆಯಿತು. ಆದರೆ ಗಮನಿಸಿ: ಪ್ಯಾರಿಸ್ಸಿನಲ್ಲಿ ವಿಧಿ ಬರೆದವರು ಬೇರೆ, ಲಂಡನ್ನಿನಲ್ಲಿ ಟ್ರಸ್ಟ್ ಕಟ್ಟಿದವರು ಬೇರೆ, ಬಾಸೆಲ್‌ನಲ್ಲಿ ತಕರಾರು ತೆಗೆದವರು ಬೇರೆ. ಐವತ್ತು ವರ್ಷ ಹಂಚು ಸುಟ್ಟ ಊರಿನ ಸಭೆ ಈ ಮೂರು ಮೇಜುಗಳಲ್ಲಿ ಎಲ್ಲಿಯೂ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಒಂದು ಷೇರು, ಒಂದು ಕ್ರಯಪತ್ರ, ಮಂಡಳಿಯಲ್ಲಿ ಒಂದು ಕುರ್ಚಿ ಯಾವುದೂ ಅದರ ಹೆಸರಿನಲ್ಲಿರಲಿಲ್ಲ. ಯುದ್ಧವೇ ಅನ್ಯಾಯ ಮಾಡಿತು ಎಂದು ಹೇಳಿ ಸುಮ್ಮನಾಗುವುದು ಸುಲಭ. ನನಗೆ ಕಾಣುವಂತೆ ಯುದ್ಧ ತೋರಿಸಿದ್ದು ಮೊದಲೇ ಇದ್ದ ಕೊರತೆಯನ್ನು.

ಉಳಿದದ್ದು

ಸಭೆಗಳು ಕುಸಿಯಲಿಲ್ಲ. ಮಿಷನರಿ ಇಲ್ಲದ ಠಾಣೆಗಳಲ್ಲಿ ಸ್ಥಳೀಯ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಹೊಣೆ ಹೊತ್ತರು. ಇದು ಸಾಧ್ಯವಾದದ್ದು ಅವಸರದ ಏರ್ಪಾಟಿನಿಂದಲ್ಲ. ಸೆಮಿನರಿ 1847ರಿಂದ ಜನರನ್ನು ತಯಾರುಮಾಡುತ್ತಿತ್ತು, ಹಿರಿಯರ ಮಂಡಳಿಗೆ ಕೂತು ಲೆಕ್ಕ ನೋಡುವ ಅಭ್ಯಾಸವಿತ್ತು. ಅದಕ್ಕಿಂತ ಮುಖ್ಯವಾಗಿ ಆರಾಧನೆಯ ಭಾಷೆ ಸ್ಥಳೀಯರ ಕೈಯಲ್ಲಿತ್ತು. ಗ್ರೈನರ್ ಮತ್ತು ಅಮ್ಮನ್ ದುಡಿದ ತುಳು ಹೊಸ ಒಡಂಬಡಿಕೆ 1847ರಲ್ಲೇ ಬಂದಿತ್ತು. ಜರ್ಮನ್ ಕೀರ್ತನೆಗಳ ರಾಗಗಳು ತುಳು, ಕನ್ನಡ ಮಾತಿನಲ್ಲಿ ಕೂತು ಎಷ್ಟೋ ಕಾಲವಾಗಿತ್ತು. ಕಿಟೆಲ್ ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದು 1862ರಲ್ಲಿ; ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ. 1843ರಲ್ಲಿ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರು ಸಮಾಚಾರ’ ಪತ್ರಿಕೆಯ ಮಾತು ಬೇರೆ ಹೇಳಬೇಕಿಲ್ಲ. ಇವು ಯಾವುದನ್ನೂ ಶತ್ರು ಆಸ್ತಿ ಎಂದು ಪಟ್ಟಿಮಾಡಲು ಯಾವ ಅಧಿಕಾರಿಗೂ ಬರುತ್ತಿರಲಿಲ್ಲ.

ಒಂದೇ ಮಿಷನ್ನಿನ ಸಭೆಗಳು ಒಂದೇ ದಾರಿ ಹಿಡಿಯಲಿಲ್ಲ ಎಂಬುದೂ ಗಮನಿಸತಕ್ಕದ್ದು. ಮಲಬಾರಿನವರು 1919ರಲ್ಲೇ ದಕ್ಷಿಣ ಭಾರತ ಐಕ್ಯ ಸಭೆಗೆ ಸೇರಿ ಹೊಸ ಬಳಗ ಕಂಡುಕೊಂಡರು. ಕನ್ನಡ ಸೀಮೆಯವರು ಕಾದರು. ಅವರಿಗಾಗಿ ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಭಾಗದಲ್ಲಿ, ಲೊಸಾನ್ ನಗರವನ್ನು ಕೇಂದ್ರಮಾಡಿಕೊಂಡು ‘ಕೆನರೀಸ್ ಇವ್ಯಾಂಜಲಿಕಲ್ ಮಿಷನ್’ ಎಂಬ ಹೊಸ ಸಂಸ್ಥೆ ಎದ್ದಿತು. ಜರ್ಮನ್ನರಿಗೆ ಪ್ರವೇಶವಿಲ್ಲದ ಆ ವರ್ಷಗಳಲ್ಲಿ ನಂಟಿನ ನೂಲನ್ನು ಹಿಡಿದುಕೊಂಡವರು ಇವರು. ನಮ್ಮ ಇತಿಹಾಸ ಬರವಣಿಗೆಯಲ್ಲಿ ಇವರಿಗೆ ಸಿಗುವ ಜಾಗ ಒಂದು ಸಾಲು ಮಾತ್ರ. ಆದರೆ ಉಡುಪಿಯವರು ದಿನವೂ ಇವರ ಕೆಲಸದ ಎದುರೇ ಓಡಾಡುತ್ತಾರೆ. ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಆಸ್ಪತ್ರೆ ಇಂದಿಗೂ ಅಲ್ಲಿ ಲೊಂಬಾರ್ಡ್ ಮೆಮೋರಿಯಲ್ ಹೆಸರಿನಲ್ಲಿ ನಡೆಯುತ್ತಿದೆ. ಹೆಂಗಸರು, ಮಕ್ಕಳಿಗೆಂದು ಸಣ್ಣದಾಗಿ ಶುರುವಾದದ್ದು. ಕಾರ್ಖಾನೆ ಕಳೆದುಕೊಂಡ ಮಿಷನ್ ಕೈಗೆ ಎತ್ತಿಕೊಂಡ ಕೆಲಸ ಯಾವ ಬಗೆಯದು ಎಂಬುದು ಇದರಿಂದ ತಿಳಿಯುತ್ತದೆ.

ಬಾಸೆಲ್‌ನವರು 1920ರ ದಶಕದಲ್ಲಿ ಮರಳಿದರು. ಮರಳಿದಾಗ ಅವರು ಕಂಡದ್ದು ಅವರಿಲ್ಲದೆ ವರ್ಷಗಟ್ಟಲೆ ನಡೆದು ತೋರಿಸಿದ್ದ ಸಭೆಗಳನ್ನು. 1939ರಲ್ಲಿ ಅದೇ ಚರಿತ್ರೆ ಮರುಕಳಿಸಿ ಜರ್ಮನ್ ಮಿಷನರಿಗಳು ಮತ್ತೆ ಬಂಧನ ಶಿಬಿರ ಸೇರಿದರು, ಈ ಬಾರಿ ಕೊನೆಗೆ ಡೆಹ್ರಾಡೂನಿನ ಕಡೆ. ಸಭೆಗಳ ಮಟ್ಟಿಗೆ ಎರಡನೆಯ ಪೆಟ್ಟು ಮೊದಲಿನಷ್ಟು ಆಳಕ್ಕೆ ಇಳಿಯಲಿಲ್ಲ. ಅನ್ನದ ತಟ್ಟೆ ಆಗಲೇ ಮಿಷನರಿಯ ಕೈಯಲ್ಲಿರಲಿಲ್ಲವಲ್ಲ.

ಅದಕ್ಕೇ 1919ರ ನಷ್ಟವನ್ನು ಬರೀ ನಷ್ಟವೆಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ. ಪ್ರಸಂಗ ಪೀಠವನ್ನೂ ಸಂಬಳದ ಮೇಜನ್ನೂ ಬೇರ್ಪಡಿಸುವ ಧೈರ್ಯ ಬಾಸೆಲ್‌ಗೂ ಇರಲಿಲ್ಲ, ಮಂಗಳೂರಿಗೂ ಇರಲಿಲ್ಲ. ಹೊರಗಿನ ಬಲ ಬಂದು ಬೇರ್ಪಡಿಸಿತು. ಬೆಲೆ ಮಾತ್ರ ಒಂದೇ ಕಡೆಯವರು ತೆತ್ತರು. ಎರಡು ತಲೆಮಾರಿನ ದುಡಿಮೆಯಿಂದ ಬೆಳೆದ ಬಂಡವಾಳದಲ್ಲಿ ಒಂದು ಪಾಲು ಸಭೆಗಳ ಹೆಸರಿಗೆ ಬಂದಿದ್ದರೆ ಅವುಗಳ ಶಾಲೆ, ಆಸ್ಪತ್ರೆಗಳು ಮುಂದೆ ಇಷ್ಟು ಕಾಲ ಹೊರಗಿನ ಕಾಣಿಕೆಯ ದಾರಿ ಕಾಯಬೇಕಾಗಿ ಬರುತ್ತಿರಲಿಲ್ಲ.

ಈಗಿನ ಸಹಭಾಗಿತ್ವಕ್ಕೆ ಹಚ್ಚಿ ನೋಡಿದರೆ

1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಕನ್ನಡ ಸೀಮೆಯ ಬಾಸೆಲ್ ಸಭೆಗಳೂ ಅದರೊಳಗೆ ಬಂದವು; ಉತ್ತರ ಕರ್ನಾಟಕದವು ಎಲ್ಲರಿಗಿಂತ ತಡವಾಗಿ. 1970ರಲ್ಲಿ ಕರ್ನಾಟಕದ ಮೂರು ಸಭಾಪ್ರಾಂತ್ಯಗಳು (ಡಯಾಸಿಸ್‌ಗಳು) ರೂಪುಗೊಂಡವು, ಮಂಗಳೂರು ದಕ್ಷಿಣದ್ದಕ್ಕೆ ಕೇಂದ್ರವಾಯಿತು. ಆ ಕಡೆಯೂ ರೂಪ ಬದಲಾಯಿತು. ಜರ್ಮನಿಯ ನೈಋತ್ಯ ಭಾಗದ ಸಭೆಗಳು 1972ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಇಎಂಎಸ್ ಎಂಬ ಮಿಷನ್ ಒಕ್ಕೂಟ ಕಟ್ಟಿಕೊಂಡವು. 2001ರಲ್ಲಿ ಬಾಸೆಲ್ ಮಿಷನ್ ಇತರ ಸ್ವಿಸ್ ಸಂಸ್ಥೆಗಳೊಂದಿಗೆ ಕೂಡಿ ಮಿಷನ್ 21 ಆಯಿತು. 2012ರಲ್ಲಿ ಇಎಂಎಸ್ ತನ್ನ ನಿಯಮಾವಳಿಯನ್ನೇ ಬದಲಿಸಿ, ಏಷ್ಯಾ, ಆಫ್ರಿಕಾ, ಮಧ್ಯಪ್ರಾಚ್ಯದ ಸಭೆಗಳು ಜರ್ಮನ್ ಸಭೆಗಳ ಸಮಕ್ಕೆ ಕೂತು ಮತ ಹಾಕುವ ಅಂತರರಾಷ್ಟ್ರೀಯ ಬಳಗವಾಯಿತು. ಲಂಡನ್ನಿನ ಮೇಜಿನಲ್ಲಿ ಜೆಪ್ಪುವಿಗೆ ಸಿಗದ ಕುರ್ಚಿ ಇದು, ತೊಂಬತ್ತಕ್ಕೂ ಹೆಚ್ಚು ವರ್ಷ ತಡವಾಗಿ.

ಆದರೆ ಕುರ್ಚಿ ಸಿಕ್ಕರೂ ಹಣದ ದಿಕ್ಕು ಪೂರ್ತಿ ತಿರುಗಿಲ್ಲ, ಮತ್ತು ಎರಡು ಸಭೆಗಳ ನಡುವೆ ಸರ್ಕಾರ ಈಗಲೂ ನಿಂತಿದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಹೊರಗಿನ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿದಿದೆ. ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಸಭಾಪ್ರಾಂತ್ಯದ ಕಚೇರಿ ಪಡೆದು ಹಳ್ಳಿಯ ಪ್ರತ್ಯೇಕ ನೋಂದಣಿಯ ಹಾಸ್ಟೆಲ್ಲಿಗೋ ದವಾಖಾನೆಗೋ ಹಂಚುತ್ತಿದ್ದ ಹಳೆಯ ಕ್ರಮ ಇದರಿಂದ ನಿಂತಿತು. ಕಾಯಿದೆ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಸಭೆಯ ಕಮಿಟಿಯವರು ಕೇಳಿಕೊಳ್ಳಬೇಕಾದ್ದು ಬಹಳ ಸರಳ: ಪರವಾನಗಿ ನವೀಕರಣವಾಗದೆ ಬರುವ ವರ್ಷ ಹಣ ನಿಂತರೆ ಯಾವ ಕೆಲಸ ನಡೆಯುತ್ತದೆ, ಯಾವುದು ನಿಲ್ಲುತ್ತದೆ? ಶಾಲೆಯ ಮೇಷ್ಟ್ರ ಸಂಬಳ ಆ ಹಣದಲ್ಲೇ ಇದ್ದರೆ ಅದನ್ನು ಈಗಲೇ ಸ್ಥಳೀಯ ಕಾಣಿಕೆಗೆ, ಶುಲ್ಕಕ್ಕೆ ಹಂತಹಂತವಾಗಿ ಹೊರಳಿಸಬೇಕು. ಹೊರಗಿನ ನೆರವಿನಿಂದ ಜಾಗ ಕೊಂಡರೆ, ಕಟ್ಟಡ ಎದ್ದರೆ ಕಾಗದ ಯಾರ ಹೆಸರಿನಲ್ಲಿದೆ, ಟ್ರಸ್ಟಿನಲ್ಲಿ ಊರಿನವರು ಎಷ್ಟು ಮಂದಿ ಎಂಬುದು ಮೊದಲ ದಿನವೇ ಗೊತ್ತಿರಬೇಕು.

ಇನ್ನು ಹಣವಿಲ್ಲದೆ ನಡೆಯುವ ಕೊಡುಕೊಳು ಇದೆ. ಇಎಂಎಸ್ ಬಳಗದಲ್ಲಿ ಯುವ ಸ್ವಯಂಸೇವಕರು ಜರ್ಮನಿಯಿಂದ ಇಲ್ಲಿಗೆ ಬರುವಂತೆ ಇಲ್ಲಿಂದಲೂ ಅಲ್ಲಿಗೆ ಹೋಗುತ್ತಾರೆ, ಅಲ್ಲಿಯ ವೃದ್ಧಾಶ್ರಮಗಳಲ್ಲಿ, ಶಿಶುವಿಹಾರಗಳಲ್ಲಿ ದುಡಿದು ಬರುತ್ತಾರೆ. ಹಳೆಯ ಸಭೆಗಳ ಹಿರಿಯರಲ್ಲಿ ಕೆಲವರು ಇದನ್ನು ಪ್ರವಾಸವೆಂದು ಹಗುರವಾಗಿ ಕಾಣುವುದುಂಟು. ಬಜೆಟ್ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ನನ್ನನ್ನು ಕೇಳಿದರೆ ಕಟ್ಟಡದ ಪಟ್ಟಿಯಿಂದ ಒಂದನ್ನು ತೆಗೆದು ಇದಕ್ಕೆ ಕೊಡಿ ಎನ್ನುತ್ತೇನೆ. ಕೌಂಡಿನ್ಯರ ನಂತರ ಮುಚ್ಚಿದಂತಿದ್ದ ದಾರಿ ಇದೇ.